ಎಂಬತ್ತು–ಇನ್ನೂರು: ಒಂದು ಹಳೇ ಲೆನ್ಸಿನ ಚರಿತ್ರೆ



ವಡಾಲ ರೋಡ್ ಸ್ಟೇಷನ್ನಿನಲ್ಲಿ ನಿಂತು ಸಿ.ಎಸ್.ಎಂ.ಟಿ. ಕಡೆಯ ಗಾಡಿಗೆ ಕಾಯುವಾಗ ನಾವು ಯೋಚಿಸುವುದು ಸೀಟು ಸಿಕ್ಕೀತೇ ಎಂದಷ್ಟೇ. ನಿಂತ ಜಾಗದ ಚರಿತ್ರೆ ಯಾರಿಗೆ ನೆನಪಾಗುತ್ತದೆ? 1925ರ ಫೆಬ್ರವರಿ 3ರಂದು ಭಾರತದ ಮೊತ್ತಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿದ್ದು ಇದೇ ಹಾರ್ಬರ್ ಹಳಿಯ ಮೇಲೆ. ಹಳಿಯ ಆಚೆ ಬದಿಗೆ ಬಂದರಿನ ಗೋದಾಮುಗಳು. ಈಚೆ ಬದಿಗೆ ನಮ್ಮವರ ಶಾಲೆ, ದೇವಸ್ಥಾನ, ಹೋಟೆಲುಗಳು. ಹಡಗಿನಲ್ಲಿ ಬಂದ ವಿದೇಶದ ಸಾಮಾನು ಮತ್ತು ಊರಿನಿಂದ ಬಂದ ನಮ್ಮ ಜನ, ಇಬ್ಬರೂ ಈ ಹಳಿಯ ಅಕ್ಕಪಕ್ಕದಲ್ಲೇ ಇಳಿದವರು.

ಈ ಸಲ ನಾನು ಹೇಳಹೊರಟಿರುವುದು ಹಾಗೆ ಇಳಿದ ಒಂದು ಸಾಮಾನಿನ ಕಥೆ. ಕ್ಯಾಮೆರಾದ ಲೆನ್ಸು. ಅದೂ ಹೊಸದಲ್ಲ, ಹಳೆಯದು, ಇನ್ನೊಬ್ಬರು ಉಪಯೋಗಿಸಿ ಬಿಟ್ಟದ್ದು.

ಕಳೆದ ದೀಪಾವಳಿ ಮುಗಿದ ವಾರ ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಮನೆಗೆ ಬಂದ. ಕಾಲೇಜಿನಲ್ಲಿ ಓದುತ್ತಿದ್ದಾನೆ. ಅಪ್ಪ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾರೆ. ಹುಡುಗನಿಗೆ ಯಕ್ಷಗಾನದ ಹುಚ್ಚು, ಅದಕ್ಕಿಂತ ಹೆಚ್ಚಾಗಿ ಫೋಟೋದ ಹುಚ್ಚು. "ಮಾಮ, ಅಮ್ಮನ ಚೀಟಿ ಹಣ ಬಂದಿದೆ. ಹಳೇದಾದರೂ ಅಡ್ಡಿಯಿಲ್ಲ, ದೊಡ್ಡ ಲೆನ್ಸು ಒಂದು ತೆಗೆಯಬೇಕು. ನೀವು ಒಮ್ಮೆ ಜೊತೆಗೆ ಬರುತ್ತೀರಾ?" ಎಂದ.

ಚೀಟಿ ಹಣ ಎಂದಮೇಲೆ ಅದು ಬರೀ ಹಣವಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ತಿಂಗಳು ತಿಂಗಳು ಮನೆಖರ್ಚಿನಲ್ಲಿ ಉಳಿಸಿ ಕಟ್ಟಿದ್ದು. ಅದನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಳ್ಳುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿತ್ತು. ಯಾಕೆಂದರೆ ನಾನು ಒಮ್ಮೆ ಕಳೆದುಕೊಂಡವನು. ಆ ಸಂಗತಿಗೆ ಆಮೇಲೆ ಬರುತ್ತೇನೆ. ಮೊದಲು ಈ "ದೊಡ್ಡ ಲೆನ್ಸು" ಎಂದರೆ ಏನು, ಎಲ್ಲಿಂದ ಬಂತು, ನೋಡೋಣ.

ದೂರದ್ದನ್ನು ಹತ್ತಿರ ತಂದವರು

ಲೆನ್ಸಿನ ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಾದಷ್ಟೂ ದೂರದ ವಸ್ತು ಹತ್ತಿರ ಕಾಣುತ್ತದೆ. ಆದರೆ ಸಾಮಾನ್ಯ ರೀತಿಯಲ್ಲಿ ಕಟ್ಟಿದರೆ ಸಂಖ್ಯೆ ಹೆಚ್ಚಾದಷ್ಟೂ ಕೊಳವೆಯೂ ಉದ್ದವಾಗುತ್ತದೆ. 1891ರಲ್ಲಿ ಲಂಡನ್ನಿನ ಥಾಮಸ್ ಡಾಲ್‌ಮೆಯರ್, ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಅಡಾಲ್ಫ್ ಸ್ಟೈನ್‌ಹೈಲ್, ಮೂವರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇದಕ್ಕೊಂದು ಉಪಾಯ ಕಂಡುಕೊಂಡರು. ಮುಂದೆ ಬೆಳಕನ್ನು ಒಟ್ಟುಗೂಡಿಸುವ ಗಾಜು, ಹಿಂದೆ ಅದನ್ನು ಸ್ವಲ್ಪ ಚದುರಿಸುವ ಗಾಜು. ಇದರಿಂದ ಕೊಳವೆ ಗಿಡ್ಡವಾಯಿತು, ಚಿತ್ರ ಮಾತ್ರ ದೊಡ್ಡದಾಗಿಯೇ ಉಳಿಯಿತು. ಟೆಲಿಫೋಟೋ ಎಂಬ ಹೆಸರು ಸಲ್ಲುವುದು ಈ ಜೋಡಣೆಗೆ.

ನಮ್ಮ ಮುಂಬೈ ಆ ಹೊತ್ತಿಗೆ ಫೋಟೋಗ್ರಫಿಗೆ ಹೊಸದೇನೂ ಆಗಿರಲಿಲ್ಲ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಮರುವರ್ಷವೇ, ಅಂದರೆ 1854ರಲ್ಲಿ, ಇಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ರೈಲಿನ ಹಿಂದೆಯೇ ಕ್ಯಾಮೆರಾ ಬಂತು ಅನ್ನಿ.

ಆದರೆ ಟೆಲಿಫೋಟೋಗೂ ಒಂದು ಕೊರತೆ ಇತ್ತು. ಒಂದು ಲೆನ್ಸಿಗೆ ಒಂದೇ ಅಳತೆ. ವೇಷ ರಂಗಸ್ಥಳದ ತುದಿಯಿಂದ ಮುಂದಕ್ಕೆ ಕುಣಿದುಕೊಂಡು ಬಂದರೆ ಫೋಟೋಗ್ರಾಫರ್ ಹಿಂದೆ ಹಿಂದೆ ಹೋಗಬೇಕು, ಇಲ್ಲವೇ ಲೆನ್ಸು ಬಿಚ್ಚಿ ಬೇರೆಯದು ಹಾಕಬೇಕು. ಅಷ್ಟರಲ್ಲಿ ಪದವೇ ಮುಗಿದಿರುತ್ತದೆ! ಒಂದೇ ಲೆನ್ಸಿನಲ್ಲಿ ಅಳತೆ ಬದಲಾಗುವ ಜೂಮ್ ಮೊದಲು ಬೇರೂರಿದ್ದು ಸಿನಿಮಾ ಮತ್ತು ಟೆಲಿವಿಷನ್ನಿನಲ್ಲಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಫ್ರಾಂಕ್ ಬ್ಯಾಕ್ ಎಂಬಾತನ 'ಜೂಮಾರ್' ಲೆನ್ಸುಗಳು ಟಿ.ವಿ. ಕ್ಯಾಮೆರಾಗಳಿಗೆ ಬಂದವು. 1959ರಲ್ಲಿ ಅವನದೇ ವಿನ್ಯಾಸದ 36–82 ಮಿ.ಮೀ. ಜೂಮ್ ಲೆನ್ಸನ್ನು ಜರ್ಮನಿಯ ಫೋಕ್ಟ್‌ಲೆಂಡರ್ ಕಂಪನಿ ಸ್ಟಿಲ್ ಕ್ಯಾಮೆರಾಕ್ಕೆ ತಂದಿತು. 35 ಮಿ.ಮೀ. ಸ್ಟಿಲ್ ಕ್ಯಾಮೆರಾಕ್ಕೆಂದು ಮಾರಾಟಕ್ಕೆ ಬಂದ ಮೊದಲ ಜೂಮ್ ಅದು. ಅದೇ ವರ್ಷ ಜಪಾನಿನ ನಿಕಾನ್ ಕಂಪನಿ ತನ್ನ ಹೆಸರಾಂತ 'ನಿಕಾನ್ ಎಫ್' ಕ್ಯಾಮೆರಾವನ್ನೂ, ಅದಕ್ಕೊಂದು ಟೆಲಿಫೋಟೋ ಜೂಮನ್ನೂ ಹೊರತಂದಿತು.

1970ರ ಸುಮಾರಿಗೆ ನಿಕಾನಿನ 80–200 ಬಂದಮೇಲೆ ಈ ಜೋಡಿ ಸಂಖ್ಯೆ ಪತ್ರಿಕಾ ಛಾಯಾಗ್ರಾಹಕರ ಬಾಯಿಪಾಠವಾಯಿತು. 80ರಲ್ಲಿ ಮುಖ, 200ರಲ್ಲಿ ವೇದಿಕೆಯ ಆ ಕೊನೆ. ಮೈದಾನ, ಸಭೆ, ಮೆರವಣಿಗೆ, ಎಲ್ಲಕ್ಕೂ ಒಂದೇ ಲೆನ್ಸು. ಆದರೆ ಅದರ ಬಾಯಿ ಎಫ್ 4.5. ಬಿಸಿಲಿದ್ದರೆ ಸರಿ, ಸಂಜೆಯಾದರೆ ಕಷ್ಟ.

ಎಫ್ 2.8 ಎಂಬ ತೂಕದ ಮಾತು

ಈ ಎಫ್ ಸಂಖ್ಯೆ ಎಂದರೆ ಲೆನ್ಸಿನ ಕಣ್ಣು ಎಷ್ಟು ಅಗಲ ತೆರೆಯುತ್ತದೆ ಎಂಬ ಲೆಕ್ಕ. ಸಂಖ್ಯೆ ಸಣ್ಣದಾದಷ್ಟೂ ಕಣ್ಣು ದೊಡ್ಡದು. 200 ಮಿ.ಮೀ. ಅನ್ನು 2.8ರಿಂದ ಭಾಗಿಸಿ ನೋಡಿ, ಸುಮಾರು 71 ಮಿ.ಮೀ. ಬರುತ್ತದೆ. ಅಷ್ಟು ಅಗಲದ ಬೆಳಕಿನ ದಾರಿ ಬೇಕು. ಹಾಗಾಗಿಯೇ ಮುಂದಿನ ಗಾಜು ತೆಂಗಿನ ಗೆರಟೆಯಷ್ಟು ದೊಡ್ಡದು, ಲೆನ್ಸಿನ ತೂಕ ಒಂದೂಕಾಲು ಕಿಲೋಗೂ ಮೇಲೆ. ಆದರೆ ಸಾಮಾನ್ಯ ಜೂಮಿನ ಎಫ್ 5.6ಕ್ಕೆ ಹೋಲಿಸಿದರೆ ಇಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಅಲ್ಲಿ ಸೆಕೆಂಡಿನ 60ನೇ ಒಂದು ಭಾಗ ತೆರೆದಿಡಬೇಕಾದ ಕಡೆ ಇಲ್ಲಿ 250ನೇ ಒಂದು ಭಾಗ ಸಾಕು. ಧೀಂಗಿಣ ಹಾಕುವ ವೇಷಧಾರಿಯ ಗೆಜ್ಜೆ ಮಸುಕಾಗುವುದೋ, ಎಣಿಸುವಂತೆ ನಿಲ್ಲುವುದೋ ಎಂಬುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಮುಂಬೈಯ ನಮ್ಮ ಕಾರ್ಯಕ್ರಮಗಳನ್ನು ನೀವು ನೋಡಿದ್ದೀರಿ. ಮಾಟುಂಗದ ಮೈಸೂರು ಅಸೋಸಿಯೇಷನ್ ಇರಲಿ, ಮಾಹಿಮಿನ ಕರ್ನಾಟಕ ಸಂಘವಿರಲಿ, ವಡಾಲದ ಎನ್.ಕೆ.ಇ.ಎಸ್. ಶಾಲೆಯಿರಲಿ, ಸಭಾಂಗಣದ ದೀಪ ಕಣ್ಣಿಗೆ ಸಾಕಾದರೂ ಕ್ಯಾಮೆರಾಕ್ಕೆ ಸಾಲದು. ಫ್ಲ್ಯಾಶ್ ಹೊಡೆದರೆ ಬಣ್ಣಗಾರಿಕೆಯ ಚಂದವೇ ಹೋಗುತ್ತದೆ, ಭಾಗವತರ ಕಣ್ಣೂ ಕುಕ್ಕುತ್ತದೆ. ಮುಂದಿನ ಸಾಲಿನಲ್ಲಿ ಎದ್ದು ನಿಂತರೆ ಹಿಂದಿನವರ ಬೈಗುಳ. ಹಿಂದೆ ಗೋಡೆಗೊರಗಿ ನಿಂತು, ದೂರದಿಂದ, ಕಡಿಮೆ ಬೆಳಕಿನಲ್ಲಿ ತೆಗೆಯಬೇಕು. ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು ಈ 80–200, ಎಫ್ 2.8.

ಆಟೋಫೋಕಸ್ ಇರುವ ನಿಕಾನಿನ 80–200 ಎಫ್ 2.8 ಬಂದದ್ದು 1980ರ ದಶಕದ ಕೊನೆಗೆ. ಒಂದೇ ದೊಡ್ಡ ಬಳೆ, ಅದನ್ನೇ ಹಿಂದೆ ಮುಂದೆ ಎಳೆದರೆ ಜೂಮ್. 1992ರ ಸುಮಾರಿಗೆ ಅದರ 'ಡಿ' ಆವೃತ್ತಿ ಬಂತು. 1997ರ ಸುಮಾರಿಗೆ ಬಂದದ್ದು ಎರಡು ಬಳೆಯದು, ಒಂದು ಜೂಮಿಗೆ, ಒಂದು ಫೋಕಸ್ಸಿಗೆ. ಟ್ರೈಪಾಡಿಗೆ ಕೂರಿಸುವ ಪಟ್ಟಿಯೂ ಅದಕ್ಕಿತ್ತು. 1998ರಲ್ಲಿ ಲೆನ್ಸಿನೊಳಗೇ ಮೋಟಾರು ಇರುವ 'ಎಎಫ್-ಎಸ್', 2003ರಲ್ಲಿ ಕೈನಡುಕ ತಡೆಯುವ 70–200 'ವಿ.ಆರ್.' ಬಂದವು.

ಎದುರಾಳಿ ಕೆನಾನ್ 1987ರಲ್ಲಿ ತನ್ನ ಹಳೆಯ ಮೌಂಟನ್ನೇ ಕೈಬಿಟ್ಟು ಇ.ಓ.ಎಸ್. ಕ್ಯಾಮೆರಾಗಳಿಗೆ ಹೊಸ ಇ.ಎಫ್. ಮೌಂಟ್ ತಂದಿತು. ಹಳೆಯ ಲೆನ್ಸು ಇದ್ದವರು ಅಂದು ತಲೆ ಮೇಲೆ ಕೈಹೊತ್ತು ಕುಳಿತರು. ಆದರೆ ಹೊಸ ಮೌಂಟಿನಲ್ಲಿ ಮೊದಲಿನಿಂದಲೇ ಮೋಟಾರು ಲೆನ್ಸಿನೊಳಗೇ ಇತ್ತು. 1989ರಲ್ಲಿ ಕಪ್ಪು ಬಣ್ಣದ 80–200 ಎಫ್ 2.8, 1995ರಲ್ಲಿ ನಾವು ಕ್ರಿಕೆಟ್ ಮೈದಾನದ ಅಂಚಿನಲ್ಲಿ ಸಾಲಾಗಿ ಕಾಣುವ ಆ ಬಿಳಿ ಬಣ್ಣದ 70–200, 2001ರಲ್ಲಿ ಕೈನಡುಕ ತಡೆಯುವ ಆವೃತ್ತಿ.

ಇಷ್ಟೆಲ್ಲ ಇಸವಿ ಯಾಕೆ ಹೇಳಿದೆ ಎಂದರೆ, ಹಳೇ ಲೆನ್ಸು ಕೊಳ್ಳುವಾಗ ಚರಿತ್ರೆಯೇ ನಿಮ್ಮ ಕೈದೀಪ. ಅಂಗಡಿಯವನು "ಎಂಬತ್ತು–ಇನ್ನೂರು" ಎಂದು ಒಂದೇ ಹೆಸರು ಹೇಳುತ್ತಾನೆ. ಅದರಲ್ಲಿ ಯಾವುದು ಎಂಬುದು ನಿಮಗೆ ಗೊತ್ತಿರಬೇಕು.

ಅದು ಇಲ್ಲಿಗೆ ಬಂದ ದಾರಿ

ಇನ್ನು ನಮ್ಮ ಊರಿನ ಕಥೆ. ಪರವಾನಗಿ ರಾಜ್ಯದ ದಿನಗಳಲ್ಲಿ ವಿದೇಶದ ಕ್ಯಾಮೆರಾ ಎಂದರೆ ಚಿನ್ನಕ್ಕೆ ಸಮ. ಆಮದಿಗೆ ಕಟ್ಟುನಿಟ್ಟು, ಮೇಲಿಂದ ಭಾರೀ ಸುಂಕ. ಸಾಮಾನ್ಯ ಮನೆಗಳಲ್ಲಿ ಇದ್ದದ್ದು ಇಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಡಬ್ಬಿ, ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮು. ಒಳ್ಳೆಯ ಲೆನ್ಸು ಬೇಕೆಂದರೆ ಹಡಗಿನಲ್ಲಿ ಕೆಲಸಕ್ಕಿದ್ದ ಬಂಧುಗಳು ತರಬೇಕು, ಇಲ್ಲವೇ ಗಲ್ಫಿನಿಂದ ರಜೆಯಲ್ಲಿ ಬಂದ ಭಾವ ತರಬೇಕು. ಕರಾವಳಿಯ ಎಷ್ಟೋ ಮನೆಗಳಲ್ಲಿ ಟೇಪ್‌ರೆಕಾರ್ಡರಿನ ಪಕ್ಕದಲ್ಲಿ ಕ್ಯಾಮೆರಾ ಬಂದದ್ದು ಹೀಗೆಯೇ. ಕಳ್ಳದಾರಿಯಲ್ಲಿ ಬಂದದ್ದೂ ಉಂಟು. ಮುಂಬೈಯಲ್ಲಿದ್ದವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ.

ಅಂಥ ಬಿಗಿಯ ಕಾಲದಲ್ಲೂ ಕೆಲಸ ಮಾಡಿದ ನಮ್ಮವರಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶವೆಲ್ಲ ಸುತ್ತಿ ಜನಸಾಮಾನ್ಯರ, ಮಕ್ಕಳ ಬದುಕನ್ನು ಚಿತ್ರಿಸಿದರು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಕಾಡಿನ ಪ್ರಾಣಿ ಪಕ್ಷಿಗಳ ಬೆನ್ನುಹತ್ತಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಕಾಫಿ ತೋಟದ ನಡುವೆ ಹಕ್ಕಿಗಳ ಚಿತ್ರ ತೆಗೆದು ಕನ್ನಡಿಗರಿಗೆ ಹಕ್ಕಿ ನೋಡುವ ಚಟ ಹತ್ತಿಸಿದರು. ಬಟನ್ ಒತ್ತಿದರೆ ತಾನೇ ಫೋಕಸ್ ಆಗುವ ಲೆನ್ಸು ಬರುವ ಮೊದಲೇ ಇವರಲ್ಲಿ ಹೆಚ್ಚಿನವರ ಕೈ ಪಳಗಿತ್ತು. ಲೆನ್ಸೇ ಎಲ್ಲ ಅಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

1991ರ ಉದಾರೀಕರಣದ ಬಳಿಕ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು. 2001ರ ಏಪ್ರಿಲ್ ಹೊತ್ತಿಗೆ ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಉಳಿದ ಪರಿಮಾಣ ನಿರ್ಬಂಧಗಳೂ ಹೋದವು. ಸರಿಯಾಗಿ ಅದೇ ಕಾಲಕ್ಕೆ ಪತ್ರಿಕೆಗಳು ಫಿಲ್ಮಿನಿಂದ ಡಿಜಿಟಲ್ಲಿಗೆ ಹೊರಳತೊಡಗಿದ್ದವು. ವೃತ್ತಿಯವರು ಹೊಸ 70–200 ಕೊಂಡರು, ಹಳೆಯ 80–200 ಫೋರ್ಟಿನ ಬೋರಾ ಬಜಾರಿನ ಕಪಾಟಿಗೆ ಬಂತು. 2018ರಲ್ಲಿ ನಿಕಾನ್ ಮತ್ತು ಕೆನಾನ್ ಎರಡೂ ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಹೊಸ ಮೌಂಟ್ ತಂದಾಗ ಎರಡನೇ ಅಲೆ ಬಂತು. ಹೊಸ 70–200ಕ್ಕೆ ಲಕ್ಷಗಟ್ಟಲೆ ಕೊಡಬೇಕಾದ ಕಾಲದಲ್ಲಿ ಹಳೆಯದು ಅದರ ಸಣ್ಣದೊಂದು ಪಾಲಿಗೆ ಸಿಗುವುದು ಹೀಗೆ. ವಸ್ತು ಕೆಟ್ಟಿತೆಂದು ಅಗ್ಗವಾದದ್ದಲ್ಲ, ಕಾಲ ಮುಂದೆ ಹೋಯಿತೆಂದು ಅಗ್ಗವಾದದ್ದು. ಆದರೆ ಕೆಲವು ಕೆಟ್ಟೂ ಇರುತ್ತವೆ. ಮೋಸ ಹೋಗುವುದು ಅಲ್ಲಿಯೇ.

ನಾನು ಕೊಟ್ಟ ಶುಲ್ಕ

ಈಗ ನನ್ನ ಕಥೆ. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ, ಹೆಸರು ಬೇಡ, ನಾನೂ ಇಂಥದ್ದೇ ಒಂದು ಲೆನ್ಸು ಕೊಂಡೆ. ಹೊರಗೆ ಒಂದು ಗೀರೂ ಇರಲಿಲ್ಲ. ಡಬ್ಬಿ, ಚೀಲ, ಮುಚ್ಚಳ ಎಲ್ಲ ಇತ್ತು. ಬಲ್ಬಿನ ಬೆಳಕಿನಲ್ಲಿ ಗಾಜು ಫಳಫಳ ಹೊಳೆಯಿತು. ಮನೆಗೆ ತಂದೆ. ತಿಂಗಳ ಬಳಿಕ ತಂಗಿಯ ಮಗಳ ಮೊದಲ ವೇಷ. ಹಿಂದಿನ ಸಾಲಿನಿಂದ ಇಡೀ ಪ್ರಸಂಗ ತೆಗೆದೆ. ಪ್ರಿಂಟು ಬಂದಾಗ ಎಲ್ಲದರ ಮೇಲೂ ಹಾಲು ಚೆಲ್ಲಿದ ಹಾಗೆ ಮಂಜು. ದೀಪ ಇದ್ದಲ್ಲೆಲ್ಲ ಬೆಳಕು ಹಬ್ಬಿ, ಮಗುವಿನ ಮುಖವೇ ಕಾಣದು.

ರಿಪೇರಿಯವನು ಟಾರ್ಚು ಹಾಕಿ ತೋರಿಸಿದ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು. "ಬೂಸ್ಟು ಹಿಡಿದಿದೆ ಸಾರ್. ಒರೆಸಿದರೆ ಎಳೆ ಹೋಗುತ್ತದೆ. ಕೋಟಿಂಗ್ ತಿಂದು ಹಾಕಿದ ಗುರುತು ಹೋಗುವುದಿಲ್ಲ" ಎಂದ. ಮೇಲೆ ಥಳುಕು, ಒಳಗೆ ಹುಳುಕು ಎಂದು ನಮ್ಮ ಹಿರಿಯರು ಹೇಳಿದ್ದು ಲೆನ್ಸಿಗೇ ಹೇಳಿದಂತಿದೆ. ಮಗುವಿನ ಮೊದಲ ವೇಷ ಇನ್ನೊಮ್ಮೆ ಬರುವುದಿಲ್ಲವಲ್ಲ. ಹಣಕ್ಕಿಂತ ನನಗೆ ಚುಚ್ಚಿದ್ದು ಅದು.

ಈ ಬೂಸ್ಟಿಗೂ ಚರಿತ್ರೆ ಇದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳ ಕಾಡುಗಳಲ್ಲಿ ಸೈನಿಕರ ದುರ್ಬೀನುಗಳು ಹೀಗೇ ಕುರುಡಾದವು. ಗಾಜಿನ ಮೇಲೂ ಶಿಲೀಂಧ್ರ ಬೆಳೆಯುತ್ತದೆ ಎಂಬುದನ್ನು ಆಗ ಗಂಭೀರವಾಗಿ ಅಭ್ಯಾಸ ಮಾಡಿದರು. ಶಿಲೀಂಧ್ರ ಗಾಜನ್ನು ತಿನ್ನುವುದಿಲ್ಲ. ಗಾಜಿನ ಮೇಲೆ ಕೂತ ಧೂಳು, ಎಣ್ಣೆಯ ಅಂಶ ಅದಕ್ಕೆ ಆಹಾರ. ಗಾಳಿಯಲ್ಲಿ ತೇವ ಶೇಕಡಾ 65–70 ದಾಟಿ ಬಹಳ ದಿನ ನಿಂತರೆ ಅದು ಚಿಗುರುತ್ತದೆ, ಅದು ಬಿಡುವ ಆಮ್ಲ ಕೋಟಿಂಗನ್ನು ಕೊರೆಯುತ್ತದೆ. ಮುಂಬೈಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಎಷ್ಟಿರುತ್ತದೆ ಎಂದು ನಿಮ್ಮ ಮನೆಯ ಉಪ್ಪಿನ ಡಬ್ಬಿ ಕೇಳಿದರೆ ಸಾಕು. ಸಮುದ್ರದ ಮಗ್ಗುಲಲ್ಲಿರುವ ವಡಾಲದಲ್ಲಿ ಕೇಳುವುದೇ ಬೇಡ.

ಬೋರಾ ಬಜಾರಿನಲ್ಲಿ ಮೂರು ಮಧ್ಯಾಹ್ನ

ಹುಡುಗನನ್ನು ಕರೆದುಕೊಂಡು ಹೊರಟೆ. ಜೇಬಿನಲ್ಲಿ ಸಣ್ಣ ಟಾರ್ಚು, ಅವನ ಕ್ಯಾಮೆರಾ, ಖಾಲಿ ಮೆಮರಿ ಕಾರ್ಡು. ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ರಸ್ತೆ ದಾಟಿದರೆ ಬೋರಾ ಬಜಾರು.

ಮೊದಲ ದಿನ ಸಿಕ್ಕಿದ್ದು ಎರಡು ಬಳೆಯ 80–200. ಗಾಜು ಸ್ವಚ್ಛ, ಬೆಲೆಯೂ ಕೈಗೆಟಕುವಂಥದು. ಹುಡುಗ ಕುಣಿದಾಡಿದ. ಕ್ಯಾಮೆರಾಕ್ಕೆ ಹಾಕಿದರೆ ಫೋಕಸ್ಸೇ ಆಗುವುದಿಲ್ಲ! "ಮಾಮ, ಹಾಳಾಗಿದೆಯಾ?" ಎಂದ. ಹಾಳಾಗಿರಲಿಲ್ಲ. ಆ ಲೆನ್ಸಿನೊಳಗೆ ಮೋಟಾರು ಇಲ್ಲ. ಕ್ಯಾಮೆರಾದ ಮೋಟಾರು ಒಂದು ಸಣ್ಣ ಸ್ಕ್ರೂ ತಿರುಗಿಸಿ ಅದನ್ನು ಓಡಿಸಬೇಕು. 2006ರ ಡಿ40ರಿಂದ ಶುರುವಾಗಿ ನಿಕಾನಿನ ಡಿ3000, ಡಿ5000 ಸಾಲಿನ ಅಗ್ಗದ ಕ್ಯಾಮೆರಾಗಳಲ್ಲಿ ಆ ಮೋಟಾರೇ ಇಲ್ಲ. ಹುಡುಗನದು ಅದೇ ಸಾಲಿನದು. 2018ರ ನಂತರದ ಜ಼ೆಡ್ ಕ್ಯಾಮೆರಾಗಳಿಗೂ ಎಫ್‌ಟಿಜ಼ೆಡ್ ಅಡಾಪ್ಟರು ಹಾಕಿದರೆ ಲೆನ್ಸು ಕೂರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ಮೌಂಟ್ ಒಂದೇ ಎಂದ ಮಾತ್ರಕ್ಕೆ ಎಲ್ಲ ಹೊಂದುತ್ತದೆ ಎಂದು ತಿಳಿಯಬೇಡಿ. ನಿಮ್ಮ ಕ್ಯಾಮೆರಾ ಒಯ್ಯದೆ ಲೆನ್ಸು ಕೊಳ್ಳಲು ಹೋಗುವುದು, ಕಾಲು ಮನೆಯಲ್ಲಿಟ್ಟು ಚಪ್ಪಲಿ ಕೊಳ್ಳಲು ಹೋದ ಹಾಗೆ.

ಅಂದು ಬರಿಗೈಯಲ್ಲಿ ವಾಪಸು ಬಂದೆವು. ರೈಲಿನಲ್ಲಿ ಹುಡುಗ ಮಾತೇ ಆಡಲಿಲ್ಲ.

ಎರಡನೇ ದಿನ ಒಳಗೇ ಮೋಟಾರು ಇರುವ 1998ರ ಮಾದರಿ ನೋಡಿದೆವು. ಫೋಕಸ್ ಆಗುವಾಗ ಬಾವಿಯ ರಾಟೆಯಂತೆ ಕೀರಲು ಸದ್ದು. ಅದು ಮೋಟಾರು ಸೋಲುವ ಸೂಚನೆ. ಈ ವಯಸ್ಸಿನ ಲೆನ್ಸಿಗೆ ಬಿಡಿಭಾಗ ಹುಡುಕುವುದು ಸುಲಭವಲ್ಲ. ಬೇಡವೆಂದೆವು. ಇನ್ನೊಂದು ಅಂಗಡಿಯಲ್ಲಿ ಎಳೆದು ತಳ್ಳುವ ಹಳೆಯ ಮಾದರಿ. ಹಾರ್ಮೋನಿಯಮ್ಮಿನ ತಿದಿಯಂತೆ ಅದು ಪ್ರತಿ ಸಲವೂ ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ಧೂಳು ಎಳೆಯುತ್ತದೆ. ಲೆನ್ಸನ್ನು ಕೆಳಮುಖ ಹಿಡಿದರೆ ಬಳೆ ತಾನೇ ಜಾರುತ್ತಿತ್ತು. ಅದನ್ನೂ ಬಿಟ್ಟೆವು.

ಆ ಸಂಜೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಮೋಟಾರಿರುವ ಲೆನ್ಸಿಗೆ ಹೆಚ್ಚು ಹಣ ಸುರಿಯುವ ಬದಲು ಮೋಟಾರಿರುವ ಹಳೇ ಕ್ಯಾಮೆರಾ ಕೊಂಡರೆ ಹೇಗೆ? 2010ರ ಡಿ7000ದಲ್ಲಿ ಆ ಮೋಟಾರು ಇದೆ, ಈಗ ಅದು ಅಗ್ಗವೂ ಹೌದು. ತನ್ನ ಕ್ಯಾಮೆರಾ ಮಾರಿದರೆ ಅರ್ಧ ಹಣ ಅಲ್ಲೇ ಬಂತು. ಈ ಯೋಚನೆ ನನ್ನದಲ್ಲ, ಹುಡುಗನದೇ. ಬರಿಗೈಯಲ್ಲಿ ಬಂದ ಎರಡು ದಿನ ಅವನಿಗೆ ಅಷ್ಟು ಕಲಿಸಿತ್ತು.

ಮೂರನೇ ಮಧ್ಯಾಹ್ನ ಸಿಕ್ಕಿದ ಲೆನ್ಸು ನೋಡಲು ಚಂದವಿರಲಿಲ್ಲ. ಬಣ್ಣ ಕಿತ್ತು ಲೋಹ ಕಾಣುತ್ತಿತ್ತು. ಯಾರೋ ಪತ್ರಿಕೆಯವರು ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡು ದುಡಿಸಿದ್ದೆಂದು ನೋಡಿದರೇ ತಿಳಿಯುತ್ತಿತ್ತು. ನಾವು ನೋಡಿದ್ದು ಈ ಕ್ರಮದಲ್ಲಿ. ನೀವೂ ಹೀಗೇ ನೋಡಬಹುದು.

ಮೊದಲು ಅಪರ್ಚರ್ ಬಳೆಯನ್ನು 2.8ಕ್ಕೆ ತಿರುಗಿಸಿ ಕಣ್ಣು ಪೂರ್ತಿ ತೆರೆಯಿರಿ. ಒಂದು ತುದಿಯಿಂದ ಟಾರ್ಚನ್ನು ಓರೆಯಾಗಿ ಹಾಯಿಸಿ, ಇನ್ನೊಂದು ತುದಿಯಿಂದ ನೋಡಿ. ಆಮೇಲೆ ತಿರುಗಿಸಿ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಬೂಸ್ಟು. ಇಡೀ ಗಾಜು ಮಬ್ಬಾಗಿದ್ದರೆ ಒಳಗಿನ ಎಣ್ಣೆ ಆವಿಯಾಗಿ ಕೂತದ್ದು. ಅಂಚಿನಲ್ಲಿ ಕಾಮನಬಿಲ್ಲಿನಂಥ ಕಲೆ ಕಂಡರೆ ಅಂಟಿಸಿದ ಗಾಜುಗಳು ಬಿಟ್ಟುಕೊಳ್ಳುತ್ತಿವೆ ಎಂದರ್ಥ. ಈ ಮೂರರಲ್ಲಿ ಯಾವುದಿದ್ದರೂ ನಮಸ್ಕಾರ ಹೇಳಿ ಹೊರಡಿ. ಮುಂದಿನ ಗಾಜಿನ ಮೇಲೆ ಸಣ್ಣ ಗೀರಿದ್ದರೆ ಚಿತ್ರದಲ್ಲಿ ಕಾಣುವುದು ಅಪರೂಪ. ಹಿಂದಿನ ಗಾಜಿನ ಗೀರು ಮಾತ್ರ ಕಾಣುತ್ತದೆ.

ಆಮೇಲೆ ಅಪರ್ಚರ್ ಬಳೆಯನ್ನು ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿ, ಹಿಂಭಾಗದ ಸಣ್ಣ ಲಿವರನ್ನು ಬೆರಳಿನಿಂದ ತಳ್ಳಿ ಬಿಡಿ. ಒಳಗಿನ ಎಸಳುಗಳು ಚಟ್ಟನೆ ತೆರೆದು ಮುಚ್ಚಬೇಕು. ನಿಧಾನವಾದರೆ ಎಣ್ಣೆ ಅಂಟಿದೆ. ಲೆನ್ಸನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ, ಗಡಗಡ ಎಂದರೆ ಯಾವುದೋ ಸಡಿಲವಾಗಿದೆ. ಎರಡು ಬಳೆಯ ಈ ಮಾದರಿಗೆ ಒಂದು ಹುಟ್ಟುದೋಷ ಉಂಟು. ಆಟೋ–ಮ್ಯಾನ್ಯುವಲ್ ಬದಲಿಸುವ ಪ್ಲಾಸ್ಟಿಕ್ ಬಳೆ ಬಿರುಕು ಬಿಡುತ್ತದೆ. ಅದನ್ನು ಉಗುರಿನಿಂದ ಮುಟ್ಟಿ ನೋಡಿ.

ಕೊನೆಗೆ ಚಿತ್ರ ತೆಗೆದು ನೋಡಿ. ಅದಕ್ಕೆ ನಮಗೆ ಸಿಕ್ಕಷ್ಟು ಒಳ್ಳೆಯ ಪರೀಕ್ಷಾ ಹಲಗೆ ಜಗತ್ತಿನಲ್ಲಿ ಎಷ್ಟು ಜನರಿಗೆ ಸಿಕ್ಕೀತು? ಅಂಗಡಿಯವರನ್ನು ಕೇಳಿ, ಅವರ ಹುಡುಗನನ್ನು ಜೊತೆಗಿಟ್ಟುಕೊಂಡು ರಸ್ತೆಗೆ ಬಂದೆವು. ಎದುರಿಗೆ 1887ರಲ್ಲಿ ಕಟ್ಟಿ ಮುಗಿಸಿದ, 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಮ್ಮ ಬೋರಿಬಂದರ್ ಸ್ಟೇಷನ್ನು. ಕಲ್ಲಿನಲ್ಲಿ ಕಡೆದ ಹೂ, ಬಳ್ಳಿ, ಪ್ರಾಣಿಗಳು ಗೋಡೆ ತುಂಬ. 80, 135, 200, ಮೂರರಲ್ಲೂ 2.8ರಲ್ಲೇ ತೆಗೆದೆವು. ಎಡ ಮೂಲೆಯ ಕೆತ್ತನೆ ಚೂಪಾಗಿದ್ದು ಬಲ ಮೂಲೆಯದು ಮಸುಕಾದರೆ ಲೆನ್ಸು ಎಂದೋ ಬಿದ್ದು ಒಳಗಿನ ಗಾಜು ವಾಲಿದೆ ಎಂದು ತಿಳಿಯಬೇಕು. ಎರಡೂ ಮೂಲೆ ಸಮ ಇತ್ತು. ಹತ್ತಿರದ ಫೋಕಸ್ ನೋಡಲು ಪತ್ರಿಕೆಯನ್ನು ಓರೆಯಾಗಿ ಹಿಡಿದು, ಗುರಿಯಿಟ್ಟ ಸಾಲೇ ಚೂಪಾಗಿ ಬಂತೇ ಎಂದು ದೊಡ್ಡದು ಮಾಡಿ ನೋಡಿದೆವು.

ಇನ್ನೊಂದು ಮಾತು. ಬಿಲ್ಲು ಕೇಳಿ, ಲೆನ್ಸಿನ ಮೇಲಿನ ನಂಬರು ಅದರಲ್ಲಿ ಬರೆಸಿಕೊಳ್ಳಿ. ನಂಬರು ಕೆರೆದ ಲೆನ್ಸು ಎಷ್ಟೇ ಅಗ್ಗವಾದರೂ ಬೇಡ. ಕದ್ದ ಮಾಲಿರಬಹುದು. ಯಾರದೋ ಅನ್ನದ ದಾರಿ ಅದು.

ಹುಡುಗನ ತಾಯಿಯ ಹಣ ಕೈಬದಲಾಯಿಸಿತು. ಚೌಕಾಸಿ ಮಾಡಿ ಉಳಿಸಿದ್ದರಲ್ಲಿ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ಲಿನ ಪೊಟ್ಟಣ, ತೇವ ತೋರಿಸುವ ಸಣ್ಣ ಮೀಟರು ಕೊಳ್ಳಿಸಿದೆ. ಲೆನ್ಸಿನ ಬೆಲೆಗೆ ಹೋಲಿಸಿದರೆ ಅದು ಪುಡಿಗಾಸು. ಆದರೆ ಲೆನ್ಸು ಉಳಿಯುವುದೋ ಹೋಗುವುದೋ ಎಂಬುದು ಆ ಡಬ್ಬಿಯಲ್ಲಿದೆ.

ಶಿವಡಿಯ ಕೆಂಪು ಹಕ್ಕಿಗಳು

ಈ ಲೆನ್ಸಿಗೆ ವಡಾಲದವರಿಗೆ ಇನ್ನೊಂದು ಕೆಲಸವೂ ಉಂಟು. ನಮ್ಮಿಂದ ಒಂದೇ ಸ್ಟೇಷನ್ ಆಚೆ ಶಿವಡಿ. 1990ರ ದಶಕದ ನಡುವಿನಿಂದ ಅಲ್ಲಿನ ಕೆಸರು ದಂಡೆಗೆ ಚಳಿಗಾಲದಲ್ಲಿ ಫ್ಲೆಮಿಂಗೋ, ನಮ್ಮ ರಾಜಹಂಸ, ಸಾವಿರಗಟ್ಟಲೆ ಬಂದು ಇಳಿಯತೊಡಗಿದವು. ಭರತ ಏರುವಾಗ ನೀರು ಅವುಗಳನ್ನು ದಡದ ಕಡೆಗೆ ತಳ್ಳುತ್ತದೆ. ಛಾಯಾಗ್ರಾಹಕರು ಆ ಹೊತ್ತಿಗೇ ಕಾಯುತ್ತಿದ್ದರು. 2015ರಲ್ಲಿ ಠಾಣೆ ಖಾರಿಯ ಒಂದು ಭಾಗ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣವೂ ಆಯಿತು. 2024ರ ಜನವರಿ 12ರಂದು ಉದ್ಘಾಟನೆಯಾದ 21.8 ಕಿಲೋಮೀಟರಿನ ಅಟಲ್ ಸೇತು ಹೊರಡುವುದು ಇದೇ ಶಿವಡಿಯಿಂದ. ಹಕ್ಕಿಗಳಿಗೆ ತೊಂದರೆಯಾಗದಿರಲಿ ಎಂದು ಆ ಕಡೆ ಸದ್ದು ತಡೆಯುವ ಗೋಡೆಗಳನ್ನು ಹಾಕಿದ್ದಾರೆ.

ಹಾರುವ ಹಕ್ಕಿಗೆ 200 ಮಿ.ಮೀ. ಸಾಲದು ಎನ್ನುವವರಿದ್ದಾರೆ. ಒಂದು ಹಕ್ಕಿಯ ಕಣ್ಣು ಬೇಕೆಂದರೆ ಹೌದು, ಸಾಲದು. ಆದರೆ ಇಡೀ ಹಿಂಡು, ಅದರ ಹಿಂದೆ ಹಡಗು, ಚಿಮಣಿ, ಸೇತುವೆ, ಅಂದರೆ ನಮ್ಮ ಮುಂಬೈ ಬೇಕೆಂದರೆ ಧಾರಾಳ ಸಾಕು. ಅಂಥ ಚಿತ್ರವನ್ನು ಇಲ್ಲಿಯವರೇ ತೆಗೆಯಬೇಕು.

ಮೊನ್ನೆ ಒಂದು ರಾತ್ರಿ ಆಟಕ್ಕೆ ಹೋಗಿದ್ದೆ. ಹುಡುಗ ಸಭಾಂಗಣದ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ಆ ಬಣ್ಣ ಕಿತ್ತ ಲೆನ್ಸು. ನನ್ನನ್ನು ನೋಡಿಯೂ ಮಾತಾಡಲಿಲ್ಲ, ಕಣ್ಣು ತೆಗೆಯಲಿಲ್ಲ. ಆಟ ಮುಗಿದ ಮೇಲೆ ಚಿತ್ರ ತೋರಿಸಿದ. ಒಬ್ಬ ಪುಟ್ಟ ವೇಷಧಾರಿ, ಗಿರಕಿ ಹೊಡೆಯುವ ನಡುವೆ, ಗೆಜ್ಜೆ ಒಂದೊಂದೂ ಎಣಿಸುವ ಹಾಗೆ. "ಮಾಮ, ಈ ಮಗುವಿನದು ಇವತ್ತು ಮೊದಲ ವೇಷವಂತೆ. ಅವರ ಮನೆಯವರಿಗೆ ಪ್ರಿಂಟು ಕೊಡುತ್ತೇನೆ" ಎಂದ.

ನನಗೆ ಹಾಲು ಚೆಲ್ಲಿದಂಥ ಆ ಹಳೇ ಪ್ರಿಂಟುಗಳು ನೆನಪಾದವು. ಅವು ಇನ್ನೂ ಮನೆಯ ಕಪಾಟಿನಲ್ಲಿವೆ.

ನಿಮ್ಮ ಮನೆಯಲ್ಲೂ ಇಂಥ ಹುಚ್ಚಿನ ಮಕ್ಕಳಿದ್ದರೆ ಹೊಸದೇ ಬೇಕೆಂದು ಹಟ ಹಿಡಿಯಬೇಡಿ, ಹಳೆಯದೆಂದು ಹೀಗಳೆಯಲೂ ಬೇಡಿ. ಟಾರ್ಚು ಜೇಬಿನಲ್ಲಿರಲಿ, ಕ್ಯಾಮೆರಾ ಜೊತೆಗಿರಲಿ, ಬರಿಗೈಯಲ್ಲಿ ವಾಪಸು ಬರುವ ಧೈರ್ಯವೂ ಇರಲಿ. ಮಳೆಗಾಲ ಬರುವ ಮೊದಲು ಸಿಲಿಕಾ ಜೆಲ್ ಬದಲಿಸಲು ಮರೆಯಬೇಡಿ.

ಮತ್ತೆ ಭೇಟಿಯಾಗೋಣ.